ಬಿಜಲಿಯ ಕೊನೆಯ ನಾಲ್ಕು ದಿನ

“ಎಂಟು ಗುಳಿಗಿ ಎಲ್ಲಿ ಹೋದ್ವು ಯವ್ವಾ?”

ಎ.ಎಸ್.ಐ. ಶೇಖರಮ್ಮ ಈ ಪ್ರಶ್ನೆ ಕೇಳಿದ್ದು ಇದು ಮೂರನೇ ಸಲ. ಗೂಡಿನಲ್ಲಿ, ಕಂದೀಲಿನ ಹಿಂದೆ ಸಿಕ್ಕ ಬಿ.ಪಿ. ಗುಳಿಗೆಯ ಪಟ್ಟಿಯನ್ನು ಅವಳು ಬಾಗಿಲ ಬೆಳಕಿಗೆ ಹಿಡಿದಳು. ಹತ್ತು ಗುಳಿಗೆಯ ಪಟ್ಟಿ. ಎರಡನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿ ಒಯ್ದಿದ್ದರು. ಉಳಿದ ಎಂಟೂ ಗುಳ್ಳೆಗಳು ಒಡೆದು ಖಾಲಿಯಾಗಿದ್ದವು.

ಹಂಪವ್ವ ಒಲೆಯ ಮುಂದೆ ಕುಳಿತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಅರವತ್ತೈದರ ಹೆಂಗಸು ಇಪ್ಪತ್ತೇ ದಿನದಲ್ಲಿ ಎಂಬತ್ತರವಳಂತೆ ಆಗಿದ್ದಳು.

“ನಿಮ್ಮ ಮನಿಯವರು ಅಂಜನಾದ್ರಿಗೆ ಹೊಂಟ ಹಿಂದಿನ ದಿನ ತಂದ ಪಟ್ಟಿ ಇದು. ದಾರಿಗೆ ಅಂತ ಎರಡು ಕತ್ತರಿಸಿಕೊಂಡು ಹೋದ್ರು. ಇದನ್ನ ನೀವ ಹೇಳೀರಿ, ನಾ ಬರಕೊಂಡೀನಿ. ಅವರು ತಿರುಗಿ ಬರಲಿಲ್ಲ. ಸತ್ತವರು ಬಂದು ಗುಳಿಗಿ ನುಂಗತಾರೇನು?”

ಮಾತು ಬಾಯಿಂದ ಬಿದ್ದ ಮೇಲೆ ಶೇಖರಮ್ಮನಿಗೇ ಕೆಡುಕೆನಿಸಿತು. ಮೂವತ್ತು ವರ್ಷದ ಪೊಲೀಸು ನೌಕರಿಯಲ್ಲಿ ಅವಳ ನಾಲಿಗೆ ಒರಟಾಗಿತ್ತು. ಕರುಳು ಒರಟಾಗಿರಲಿಲ್ಲ. ಹೀಗಾಗಿ ದಿನಕ್ಕೆ ಹತ್ತು ಸಲ ಬೈದು ಹತ್ತು ಸಲ ಒಳಗೊಳಗೇ ಮರುಗುವುದು ಅವಳ ಹಣೆಬರಹವಾಗಿಬಿಟ್ಟಿತ್ತು.

ಸಂಗತಿ ಇಷ್ಟು. ಇಪ್ಪತ್ತು ದಿನದ ಹಿಂದೆ ಮುತ್ತಲಬಾವಿಯ ರಿಟೈರ್ಡ್ ಲೈನ್‌ಮನ್ ಹೇಮಪ್ಪ ಹನುಮಮಾಲೆ ಹಾಕಿಕೊಂಡು ಬೆಟ್ಟ ಹತ್ತುವಾಗ ಮೆಟ್ಟಿಲ ಮೇಲೆ ಓಕರಿಸಿ ಬಿದ್ದವನು ಏಳಲೇ ಇಲ್ಲ. ಆರು ದಿನದ ಹಿಂದೆ ಅವನ ಬೇಟೆನಾಯಿ ಬಿಜಲಿಯೂ ಹಾಗೆಯೇ ಓಕರಿಸಿ, ಹಾಗೆಯೇ ಕಾಲು ಸೋತು ಸತ್ತಿತು. ಯಜಮಾನನಿಗೆ ಬಂದ ಸಾವೇ ನಾಯಿಗೂ ಬಂದರೆ ಊರು ಸುಮ್ಮನಿದ್ದೀತೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಒಬ್ಬ ವಿಷ ಅಂದ, ಊರೆಲ್ಲ ವಿಷ ಅಂದಿತು.

ವಿಷ ಇಟ್ಟವನನ್ನೂ ಊರೇ ಹುಡುಕಿಕೊಟ್ಟಿತು. ಪಕ್ಕದ ದಾಳಿಂಬೆ ತೋಟದ ಕಾವಲುಗಾರ ತಿಮ್ಮಣ್ಣ. ಹೇಮಪ್ಪನ ಜೀವದ ಗೆಳೆಯ. ಹಿಂದಿನ ವರ್ಷ ಬಿಜಲಿ ಅವನ ಆಡಿನ ಮರಿಯನ್ನು ಹಿಡಿದಿದ್ದಕ್ಕೆ ನಾಲ್ಕು ಮಂದಿಯ ಮುಂದೆ, “ಈ ನಾಯಿಗೆ ಒಂದಿನ ವಿಷ ಇಕ್ಕತೀನಿ ನೋಡ್ರಿ” ಎಂದು ಕೂಗಾಡಿದ್ದ. ಸಾವಿನ ಮನೆಗೆ ಹತ್ತಿರದವರು ಬುತ್ತಿ ತರುತ್ತಾರಲ್ಲ, ಹಾಗೆ ಮೂರು ದಿನ ರೊಟ್ಟಿ ತಂದವನೂ ಅವನೇ. ನಾಯಿಗೆ ಕೈಯಾರೆ ತಿನ್ನಿಸಿದವನೂ ಅವನೇ. ಯಲಬುರ್ಗಾದಲ್ಲಿ ಗುಮಾಸ್ತನಾಗಿರುವ ಹೇಮಪ್ಪನ ಮಗ ಸುಭಾಷ್ ದೂರು ಕೊಟ್ಟ. ಇವತ್ತು ಸಂಜೆಯೊಳಗೆ ತಿಮ್ಮಣ್ಣನ ಮೇಲೆ ಕೊಲೆ ಬರೆದು ಕಾಗದ ಕಳಿಸಬೇಕೆಂದು ಮೇಲಿನ ಸಾಹೇಬರ ಫೋನ್ ಬಂದಿತ್ತು.

ಸಂಜೆಗೆ ಇನ್ನು ಏಳು ತಾಸು ಇತ್ತು. ತಿಮ್ಮಣ್ಣ ವಿಚಾರಣೆಗೆಂದು ದಿನದಂತೆ ಇವತ್ತೂ ಬೆಳಿಗ್ಗೆಯೇ ಠಾಣೆಗೆ ಬಂದು ಬೆಂಚಿನ ಮೇಲೆ ಕುಳಿತಿದ್ದ.

ಆದರೆ ಬೆಳಿಗ್ಗೆಯೇ ಇನ್ನೊಂದು ಫೋನೂ ಬಂದಿತ್ತು. ನಾಯಿಯ ಹೊಟ್ಟೆಯಲ್ಲಿ ಯಾವ ಕೀಟನಾಶಕವೂ ಇಲ್ಲವೆಂದು ಪ್ರಯೋಗಾಲಯದವರು ಬಾಯಿಮಾತಿನಲ್ಲಿ ಹೇಳಿದ್ದರು. ಅದಕ್ಕೇ ಅವಳು ಕುಷ್ಟಗಿಯಿಂದ ದನದ ಡಾಕ್ಟರ್ ಗೋವಿಂದರಾಜರನ್ನು ಕರೆದುಕೊಂಡು ಮತ್ತೆ ಈ ತೋಟದ ಮನೆಗೆ ಬಂದದ್ದು. ವಿಷ ಹೊರಗಿನಿಂದಲೇ ಬರಬೇಕೆಂದೇನೂ ಇಲ್ಲ. ಮನೆಯ ಗೂಡಿನಲ್ಲೂ ಇರುತ್ತದೆ.

“ಯವ್ವಾ, ಕಡೇ ಸಲ ಕೇಳತೀನಿ.”

“ಬಿಜಲಿಗೆ ಕೊಟ್ನಿ,” ಎಂದಳು ಹಂಪವ್ವ.

ಬಾಗಿಲಲ್ಲಿ ನಿಂತಿದ್ದ ಡಾಕ್ಟರರು ಕನ್ನಡಕ ತೆಗೆದರು.

“ನಾಯಿಗಿ? ಬಿ.ಪಿ. ಗುಳಿಗಿ? ಯಾಕ?”

“ಅವರು ಬೆಟ್ಟದ ಮ್ಯಾಲ ಹೆಂಗ ಬಿದ್ರು ಅಂತ ಜೋಡಿ ಹೋದ ಮಂದಿ ಹೇಳಿದ್ರ್ರಿ. ಕಾಲು ನಡುಗಿದ್ವು, ಓಕರಿಸಿದ್ರು, ಮಬ್ಬು ಹತ್ತಿ ಬಿದ್ರು ಅಂತ. ಇಕೀನೂ ಹಂಗ ಬಿದ್ಲು. ಅವರ ಜಡ್ಡ ಇಕಿಗೂ ಬಂದೈತಿ, ಅವರ ಗುಳಿಗಿ ಕೊಟ್ರ ಎದ್ದು ಕುಂದ್ರತಾಳ ಅಂತ ತಿಳದ್ನಿ. ಮುಂಜಾನಿಗೊಂದು, ಸಂಜಿಗೊಂದು. ಬೆಲ್ಲದಾಗ ಇಟ್ಟು ಕೊಟ್ನಿ. ನಾಕು ದಿನ.” ಅವಳು ಸೆರಗು ಹಿಡಿದುಕೊಂಡಳು. “ಅವರಿಗಿ ಕಡೀ ಹೊತ್ತಿನ್ಯಾಗ ಒಂದು ಗುಟುಕು ನೀರು ಕೊಡಾಕ ನಾ ಇರಲಿಲ್ಲ ಅಕ್ಕಾರ. ಇಕಿಗರ ಕೊಡೂಣು ಅಂತ.”

ಶೇಖರಮ್ಮ ಖಾಲಿ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡಳು.

ಡಾಕ್ಟರ್ ಗೋವಿಂದರಾಜ ಗಂಗಾವತಿ ಕಡೆಯವರು, ಮೆದು ಮನುಷ್ಯ. ಅವರು ಹಂಪವ್ವನ ಎದುರು ನೆಲಕ್ಕೇ ಕುಳಿತರು. “ಅಮ್ಮಾ, ಬಿಜಲೀನ ಸುಭಾಷ್ ನನ್ನ ಹತ್ರ ತಂದಾಗ ಈ ಮಾತು ಯಾಕ ಹೇಳಿ ಕಳಸಲಿಲ್ಲ?”

“ಡಾಕ್ಟರು ಬೈತಾರ ಅಂತ.”

“ಗುಳಿಗಿ ಕೊಟ್ಟ ಮ್ಯಾಲ ಹೆಂಗಿದ್ಲು?”

“ಬೆಲ್ಲ ನೆಕ್ಕತಿದ್ಲು. ನನ್ನ ಅಂಗೈ ಮ್ಯಾಲ ಮಾರಿ ಇಟ್ಟು ಮಲಗತಿದ್ಲು. ಎರಡನೇ ದಿನದಿಂದ ಉಚ್ಚಿ ಹೊಯ್ಯೂದು ಬಿಟ್ಲು. ಗುಳಿಗಿ ಹತ್ತಿತು, ಮನ್ಯಾಗ ಹೊಲಸು ಮಾಡವಲ್ಲಳು, ಶ್ಯಾಣ್ಯಾಕಿ ಆದ್ಲು ಅಂತ ನಾ ಖುಷಿ ಆದ್ನಿ.”

ಡಾಕ್ಟರರು ಎದ್ದು ಶೇಖರಮ್ಮನ ಕಡೆಗೆ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ಅವಳಿಗೆ ಒಡೆದು ಹೇಳಬೇಕಾಗಿರಲಿಲ್ಲ. ಇಬ್ಬರೂ ಹೊರಗೆ ಬಂದರು.

ಅಂಗಳದಾಚೆಗೆ ಹೇಮಪ್ಪನ ದಾಳಿಂಬೆ ಸಾಲುಗಳು. ಮೊದಲ ಸಾಲಿನ ತುದಿಯಲ್ಲಿ ಹೊಸ ಮಣ್ಣಿನ ಗುಡ್ಡೆ, ಅದರ ಮೇಲೆ ನಾಲ್ಕು ಕಲ್ಲು. ಬಿಜಲಿಯನ್ನು ಅಲ್ಲೇ ಹೂತಿದ್ದರು. ಯಾರೋ ಮಣ್ಣಿನ ಮೇಲೆ ಒಂದು ತುಂಡು ರೊಟ್ಟಿ ಇಟ್ಟಿದ್ದರು. ಇರುವೆ ಹತ್ತಿತ್ತು.

“ಹೇಳ್ರಿ ಡಾಕ್ಟರೇ. ಕೊಂದದ್ದು ಆ ಗುಳಿಗೀನ?”

“ಅದೊಂದ ಅಲ್ಲ. ಆದ್ರ ಕಡೀ ಬಾಗಲಾ ತೆಗದದ್ದು ಅದು.”

“ನಿಮ್ಮ ದವಾಖಾನಿ ಮಾತು ಬ್ಯಾಡ್ರಿ. ನಮ್ಮಂಥ ಮಂದಿಗೆ ತಿಳಿಯೋ ಹಂಗ ಹೇಳ್ರಿ. ಸಂಜಿಗೆ ನಾ ಒಂದು ಹೆಸರು ಬರೀಬೇಕು.”

ಕರೆಂಟು ಇತ್ತು, ಆದರೆ ವೋಲ್ಟೇಜ್ ಇರಲಿಲ್ಲ. ಮೋಟಾರು ಮುಲುಗುತ್ತಿತ್ತು. ಗಿಡಗಳ ಬುಡದಲ್ಲಿ ಹಾಸಿದ ಕರಿಯ ಡ್ರಿಪ್ ಪೈಪಿನ ತೂತುಗಳಿಂದ ನೀರು ಹನಿಹನಿಯಾಗಿ ಬೀಳುತ್ತಿತ್ತು. ಡಾಕ್ಟರರು ಒಂದು ಪೈಪಿನ ತುದಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತರು. ನೀರು ಹರಿದುಹೋಗದಿರಲೆಂದು ರೈತರು ಪೈಪಿನ ತುದಿಯನ್ನು ಮಡಚಿ ಕಟ್ಟಿರುತ್ತಾರೆ. ಆ ಮಡಿಕೆಯ ಮೇಲೆ ಅವರು ಬೆರಳಿಟ್ಟರು.

“ನಾಯೀದಿರಲಿ, ನಮ್ಮದಿರಲಿ, ಕಿಡ್ನ್ಯಾಗ ಇಂಥಾ ಸಣ್ಣ ಸಣ್ಣ ಪೈಪ್ ಲಕ್ಷಗಟ್ಟಲೆ ಅದಾವ. ರಕ್ತ ಈ ಕಡಿಂದ ಬರತೈತಿ, ಆ ಕಡಿಗೆ ಹೋಗತೈತಿ. ನಡುವ ಒತ್ತಡಕ್ಕ ಹೊಲಸು ನೀರು ಸೋಸಿ ಹನಿ ಆಗಿ ಬೀಳತೈತಿ. ಅದ ಉಚ್ಚಿ. ಒತ್ತಡ ಇದ್ರ ಹನಿ, ಇಲ್ಲಂದ್ರ ಇಲ್ಲ.”

“ಒತ್ತಡ ಅಂದ್ರ ಬಿ.ಪಿ.?”

“ಹ್ಞಾಂ. ಬಿ.ಪಿ. ಇಳೀತು ಅಂತ ತಿಳಕೋರಿ. ಈಗ ಈ ಮೋಟಾರು ಸೋತಂಗ. ಆದ್ರೂ ಹನಿ ಬೀಳಾಕ ಹತ್ತ್ಯಾವು. ಯಾಕ? ತುದಿ ಮಡಚೈತಿ. ಮುಂದ ಹೋಗಾಕ ದಾರಿ ಇಲ್ಲಂತ ಇದ್ದಷ್ಟು ನೀರು ಒಳಗ ನಿಂತು ತೂತಿನ್ಯಾಗಿಂದ ಬರತೈತಿ. ಕಿಡ್ನೀನೂ ಭಾಳ ಶ್ಯಾಣ್ಯಾ. ಬಿ.ಪಿ. ಇಳದ ಕೂಡ್ಲೆ ರಕ್ತಕ್ಕ ಒಂದು ಸುದ್ದಿ ಕಳಸತೈತಿ. ಆ ಸುದ್ದಿಂದ ಒಂದು ಹಾರ್ಮೋನು ಹುಟ್ಟತೈತಿ, ಆಂಜಿಯೋಟೆನ್ಸಿನ್ ಅಂತ ಹೆಸರು. ಅದು ಬಂದು ರಕ್ತ ಹೊರಗ ಹೋಗೋ ತುದೀನ ಬಿಗಿ ಹಿಡೀತೈತಿ. ಪೂರಾ ಮುಚ್ಚಂಗಿಲ್ಲ, ಒತ್ತಡ ನಿಲ್ಲೂವಷ್ಟು ಬಿಗಿ. ಸೋತ ಜೀವದಾಗೂ ಹನಿ ಬೀಳತಾವ.”

ಅವರು ಮಡಿಕೆಯ ತಂತಿ ಬಿಚ್ಚಿದರು. ಪೈಪಿನ ತುದಿಯಿಂದ ನೀರು ಬುಳುಬುಳು ಹೊರಟು ಮಣ್ಣಿಗೆ ಇಳಿಯಿತು. ಸಾಲಿನುದ್ದಕ್ಕೂ ಹನಿ ನಿಂತಿತು.

“ಆ ಹಾರ್ಮೋನು ಹುಟ್ಟದಂಗ ಮಾಡೂದ ಈ ಗುಳಿಗಿ ಕೆಲಸ. ಬಿ.ಪಿ. ಏರಿದವರಿಗೆ ಇದು ಅಮೃತ. ಬಿ.ಪಿ. ಇಳದ ಜೀವಕ್ಕ ಕೊಟ್ರ ಮಡಿಕಿ ಬಿಚ್ಚಿದಂಗ ಆತು. ರಕ್ತ ಹರಕೊಂಡು ಹೋತು. ಸೋಸೂದು ನಿಂತಿತು.”

ಶೇಖರಮ್ಮ ಒಣಗತೊಡಗಿದ್ದ ತೂತುಗಳನ್ನು ನೋಡುತ್ತ ನಿಂತಳು. ಬೆಲ್ಲದಲ್ಲಿ ಅಡಗಿಸಿಟ್ಟ ಎಂಟು ಗುಳಿಗೆ. ಅಂಗೈ ಮೇಲೆ ಮುಖವಿಟ್ಟು ಮಲಗಿದ ನಾಯಿ. ಮರುಕವನ್ನು ಮುಚ್ಚಿಕೊಳ್ಳಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಇನ್ನೊಂದು ಪ್ರಶ್ನೆ ಕೇಳುವುದು.

“ಆದ್ರ ಗುಳಿಗಿ ಕೊಡೂಕಿಂತ ಮೊದಲ ಅದು ಬಿದ್ದಿತ್ತಲ್ರಿ? ಬಿ.ಪಿ. ಇಳದದ್ದು ಯಾಕ?”

“ಅಲ್ಲೇ ನಾನೂ ನಿಂತೀನಿ.” ಡಾಕ್ಟರರು ಪೈಪನ್ನು ಮತ್ತೆ ಮಡಚಿ ಕಟ್ಟಿದರು. “ನನ್ನ ಹತ್ರ ತಂದಾಗ ಕೂಸುಗಳಿಗೆ ಕಟ್ಟೋ ಸಣ್ಣ ಪಟ್ಟಿ ತಂದು ಅದರ ಬಾಲದ ಬುಡಕ್ಕ ಕಟ್ಟಿ ಬಿ.ಪಿ. ನೋಡಿದ್ನಿ. ನೂರಾ ಮೂವತ್ತು, ನಲವತ್ತು ಇರಬೇಕಾದಲ್ಲಿ ಎಪ್ಪತ್ತು ದಾಟಲಿಲ್ಲ. ಸಲಾಯಿನ್ ಹಚ್ಚಿದ್ನಿ, ಹೊತ್ತು ಮೀರಿತ್ತು. ಸತ್ತ ಮ್ಯಾಲ ಕೊಯ್ದು ನೋಡಿದ್ನಲ್ಲ, ಕಿಡ್ನಿ ಎರಡೂ ಛಲೋ ಅದಾವ. ಕಲ್ಲಿಲ್ಲ, ಬಾವು ಇಲ್ಲ. ಆದ್ರ ಕಿಡ್ನೀ ನೆತ್ತಿ ಹತ್ರ ಎರಡು ಗ್ರಂಥಿ ಇರತಾವ. ಶೇಂಗಾ ಬೀಜದಷ್ಟು ದಪ್ಪ ಇರಬೇಕು. ಬಿಜಲೀವು ಕುಸುಬಿ ಕಾಳಿನಂಗ ಸೊರಗಿದ್ವು.”

“ಅವು ಏನು ಮಾಡತಾವ?”

“ಅವೂ ಹಾರ್ಮೋನು ಕೊಡತಾವ. ಕಾರ್ಟಿಸೋಲ್. ಉಪವಾಸ, ದುಃಖ, ಜ್ವರ, ಏನ ಕಷ್ಟ ಬಂದ್ರೂ ಬಿ.ಪಿ. ಬೀಳದಂಗ ಎತ್ತಿ ಹಿಡಿಯೋದು ಅದ. ಗ್ರಂಥಿ ಹಂಗ ಸೊರಗಬೇಕಂದ್ರ ಭಾಳ ದಿನದಿಂದ ಯಾರೋ ಆ ಹಾರ್ಮೋನ್ನ ಹೊರಗಿನಿಂದ ಕೊಡತಿರಬೇಕು. ಹೊರಗಿಂದ ಪುಕ್ಕಟೆ ಬಂದ್ರ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಡತೈತಿ. ಆಮ್ಯಾಲ ಕೊಡೂದು ಒಮ್ಮೆಲೆ ನಿಂತ್ರ, ಮಲಗಿದ್ದು ಏಳಂಗಿಲ್ಲ. ಜೀವಕ್ಕ ಆಸರ ಇಲ್ಲ. ಬಿ.ಪಿ. ಕುಸೀತೈತಿ.”

“ನಾಯಿಗೆ ಯಾರು ಹಾರ್ಮೋನು ಕೊಡತಾರ್ರಿ ಈ ಊರಾಗ?”

ಇಬ್ಬರೂ ಮತ್ತೆ ಒಳಗೆ ಬಂದರು. ಹಂಪವ್ವ ಕುಳಿತಲ್ಲಿಯೇ ಇದ್ದಳು. ಮುಂದೆ ಮೊಬೈಲು ಇತ್ತು, ಅದರಲ್ಲಿ ಒಂದು ಚಿತ್ರ. ಹೇಮಪ್ಪ ಕಟ್ಟೆಯ ಮೇಲೆ, ಅವನ ಕಾಲ ಬಳಿ ಬಿಜಲಿ. ಮಗ ಸುಭಾಷ್ ದೀಪಾವಳಿಗೆ ಬಂದಾಗ ತೆಗೆದದ್ದಂತೆ.

ಡಾಕ್ಟರರು ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದರು. “ಬೇಟಿನಾಯಿ ನಡ ಬಳಕಿದ ಬೆತ್ತ ಇದ್ದಂಗ ಇರಬೇಕು. ಇದರ ಹೊಟ್ಟಿ ನೋಡ್ರಿ, ಜೋತು ಬಿದ್ದೈತಿ. ಪಕ್ಕೀ ಕೂದಲಾ ಉದರ್‍ಯಾವು. ಅಮ್ಮಾ, ಬಿಜಲಿ ನೀರು ಭಾಳ ಕುಡೀತಿದ್ಲೇನು?”

“ಬಕೆಟ್‌ಗಟ್ಟಲೆ ಕುಡೀತಿದ್ಲ್ರಿ. ಎರಡು ವರ್ಷ ಆತು. ವಯಸ್ಸಾತು, ಬಸರಿ ಹೊಟ್ಟಿ ಬಂತು ಅಂತ ಇವರು ಚೇಷ್ಟಿ ಮಾಡತಿದ್ರು.”

“ಅಕಿಗೆ ಏನರ ಔಷಧ ಕೊಡತಿದ್ರ್ಯಾ? ಈ ಗುಳಿಗೀಕಿಂತ ಮೊದಲ? ಗಿಡಮೂಲಿಕಿ, ಪುಡಿ, ಏನರ?”

ಹಂಪವ್ವ ಮೊದಲ ಸಲ ತುಸು ನಕ್ಕಳು. ಆ ನಗು ನೋಡಲಾಗದಷ್ಟು ಕೆಟ್ಟದಾಗಿತ್ತು.

“ನಾ ಕೊಡತಿದ್ದಿಲ್ಲ. ಅವರು ಕೊಡತಿದ್ರು. ಕದ್ದು. ನನಗ ಗೊತ್ತಿಲ್ಲಂತ ತಿಳಕೊಂಡಿದ್ರು ಪಾಪ. ಮೊಣಕಾಲು ಬ್ಯಾನಿಗೆ ಸಂತಿ ಔಷಧದವನ ಹತ್ರ ಒಂದು ಪುಡಿ ತರಿಸಿಕೋತಿದ್ರು. ಬಿಜಲೀಗೂ ಹಿಂದಿನ ಕಾಲು ಹಿಡದಿತ್ತಲ್ಲ. ರೊಟ್ಟ್ಯಾಗ ಬೆಣ್ಣಿ ಹಚ್ಚಿ ಒಂದು ಚಿಟಿಕಿ ಅಕಿಗೆ, ಸೂಪಿನ್ಯಾಗ ಒಂದು ಚಿಟಿಕಿ ತಮಗ. ಮೊದಲ ಅಕಿಗೆ. ಆ ಪುಡಿ ತಿಂದ ಮೂರು ದಿನಕ್ಕ ಇಬ್ರೂ ಕುಣಕೋತ ಅಡ್ಡ್ಯಾಡಿದ್ರು ನೋಡ್ರಿ.”

“ಮೂರು ದಿನಕ್ಕ,” ಎಂದರು ಡಾಕ್ಟರರು ಮೆಲ್ಲಗೆ. “ಬೇರು ನಾರು ಮೂರು ದಿನಕ್ಕ ಮೊಣಕಾಲು ಎಬ್ಬಸಂಗಿಲ್ಲ. ಅದರಾಗ ಸ್ಟಿರಾಯ್ಡ್, ಅಂದ್ರ ಅದ ಹಾರ್ಮೋನು, ಕಲಸ್ಯಾನ ಅವ. ಹೇಮಪ್ಪನೋರ ಬಿ.ಪಿ. ಏರಿಸಿದ್ದೂ ಅದ ಇರಬೇಕು.”

“ಬೆಟ್ಟಕ್ಕ ಹೋಗೂ ಮುಂದ ಅವರು ಆ ಪುಡಿ ಒಯ್ದಿದ್ರೇನು?” ಶೇಖರಮ್ಮ ಕೇಳಿದಳು.

“ಮಾಲಿ ಹಾಕಿಕೊಂಡ ದಿನಾನ ಬಿಟ್ರು. ಆಡಿನ ಕಾಲುಸೂಪಿನ್ಯಾಗ ಕಲಸಿ ಕುಡದ್ರನ ಪುಡಿ ಹತ್ತತೈತಿ ಅಂತ ಔಷಧದವ ಹೇಳಿದ್ದ. ಮಾಲಿ ಹಾಕಿದವರು ಮಾಂಸ ಮುಟ್ಟತಾರೇನ್ರಿ? ಸೂಪು ಬಿಟ್ರು, ಪುಡಿ ಬಿಟ್ರು. ಬಿ.ಪಿ. ಗುಳಿಗಿ ಮಾತ್ರ ಒಂದಿನ ತಪ್ಪಸಲಿಲ್ಲ. ಬಿಜಲೀಗೆ ಏನು ಮಾಲಿ? ಅಕಿಗೆ ಅವರು ಹೊಂಡೂ ದಿನದ ತನಕ ಕೊಟ್ರು.”

ಮಾಲೆಯ ಒಂಬತ್ತು ದಿನ ಪುಡಿ ಇಲ್ಲ, ಗುಳಿಗೆ ಇದೆ, ಮೇಲೆ ಅಷ್ಟು ಮೆಟ್ಟಿಲು. “ಅವರದೂ ಹಂಗ ಆಗಿರಬೇಕು. ಖಾತ್ರಿ ಹೇಳಾಕ ನಾ ಮನಷ್ಯಾರ ಡಾಕ್ಟರಲ್ಲ,” ಎಂದಷ್ಟೇ ಡಾಕ್ಟರರು ಶೇಖರಮ್ಮನ ಕಿವಿಯಲ್ಲಿ ಉಸುರಿದರು.

“ಆಮ್ಯಾಲ ಬಿಜಲೀಗೆ ಪುಡಿ ಕೊಡೂದು ನೀವ್ಯಾಕ ಬಿಟ್ರಿ ಯವ್ವಾ?”

“ಎಲ್ಲಿಂದ ಕೊಡ್ಲಿ?” ಹಂಪವ್ವ ತಲೆ ಎತ್ತಿದಳು. “ಸತ್ತವರು ಇಷ್ಟಪಟ್ಟದ್ದನ್ನ ಕುಣ್ಯಾಗ ಅವರ ಜೋಡಿ ಇಡತೀವಲ್ಲ. ಅವರ ಚಸ್ಮಾ ಇಟ್ವಿ. ಎಲಿ ಅಡಕಿ ಚೀಲ ಇಟ್ವಿ. ಅಲ್ಲೂ ಮೊಣಕಾಲು ನೋಯಬಾರದು ಅಂತ ಆ ಪುಡಿ ಡಬ್ಬೀನೂ ನಾನ ನನ್ನ ಕೈಲೆ ಅವರ ಬಗಲಾಗ ಇಟ್ನಿ. ಬಿಜಲಿ ಅಲ್ಲೇ ನಿಂತು ನೋಡತಿದ್ಲು.”

ವಿಷದ ಮಾತು ಏಳುವ ಮೊದಲು ಊರೆಲ್ಲ ಹೇಳಿತ್ತು, ಒಡೆಯ ಹೋದ ದುಃಖಕ್ಕೆ ನಾಯಿ ಅನ್ನ ಬಿಟ್ಟಿತು ಎಂದು. ಸುಳ್ಳೂ ಅಲ್ಲ. ದುಃಖ ಇತ್ತು. ಆದರೆ ಆ ದುಃಖವನ್ನು ತಡೆದುಕೊಳ್ಳಲು ಅದರ ಮೈಯೊಳಗೆ ಏನೂ ಉಳಿದಿರಲಿಲ್ಲ. ಉಳಿಸಬಹುದಾಗಿದ್ದ ಒಂದು ಚಿಟಿಕೆ ಆರಡಿ ಮಣ್ಣಿನ ಕೆಳಗೆ ಹೋಗಿತ್ತು.

ಹಂಪವ್ವ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಮುಖ ಓದಲು ಬರುತ್ತಿತ್ತು.

“ನಾ ಕೊಂದ್ನೇನ್ರಿ ಅಕ್ಕಾರ?”

ಮೂವತ್ತು ವರ್ಷ ಈ ಪ್ರಶ್ನೆಯನ್ನು ಶೇಖರಮ್ಮ ಬೇರೆಯವರಿಗೆ ಕೇಳಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

“ಇಲ್ಲ ಯವ್ವಾ. ಉಳಸಾಕ ನೋಡೀರಿ.”

“ಅದಲ್ಲ ನಾ ಕೇಳಿದ್ದು.”

ಶೇಖರಮ್ಮ ಅವಳ ಪಕ್ಕದಲ್ಲಿ ಒಲೆಯ ಮುಂದೆ ಕುಳಿತಳು. ಖಾಕಿ ಬಟ್ಟೆಗೆ ಬೂದಿ ಹತ್ತಿತು. ಅವಳು ಆ ಮುದುಕಿಯ ಕೈ ಹಿಡಿದುಕೊಂಡಳು. ನಾಯಿ ಮುಖವಿಟ್ಟು ಮಲಗಿದ್ದ ಅಂಗೈ ಅದೇ. ಹಂಪವ್ವ ಅಳತೊಡಗಿದಳು. ಗಂಡ ಸತ್ತ ದಿನ ನೆರೆದ ಮಂದಿಯ ಎದುರು ಅವಳು ಹಾಡಿ ಅತ್ತದ್ದನ್ನು ಊರೆಲ್ಲ ಕೇಳಿತ್ತು. ಈ ಅಳುವಿಗೆ ಹಾಡಿರಲಿಲ್ಲ.

ಅತ್ತು ಹಗುರಾದ ಮೇಲೆ ಅವಳೇ ಹೇಳಿದಳು. “ತಿಮ್ಮಣ್ಣನ್ನ ಬಿಟ್ಟುಬಿಡ್ರಿ ಅಕ್ಕಾರ. ಅವನ ಹೆಣತಿ ಹುಲಿಗವ್ವ ನಿನ್ನೆ ಬಂದು ನನ್ನ ಕಾಲು ಹಿಡದ್ಲು. ನಾ ಬಾಗಲಾ ಹಾಕ್ಕೊಂಡ್ನಿ. ಪಾಪ ಬರತೈತಿ ನನಗ. ಅವ ನಾಯಿಗೆ ರೊಟ್ಟಿ ಬಿಟ್ಟು ಬ್ಯಾರೇನೂ ಹಾಕಿಲ್ಲ.”

“ಬಿಡತೀನಿ ಯವ್ವಾ. ಈಗ ಫೋನ್ ಮಾಡತೀನಿ.”

ಶೇಖರಮ್ಮನ ಎದೆ ಆರು ದಿನದಲ್ಲಿ ಮೊದಲ ಸಲ ತುಸು ಹಗುರಾಯಿತು. ಸಂಜೆಯ ಕಾಗದದಲ್ಲಿ ಬರೆಯಬೇಕಾದ ಹೆಸರು ತಿಮ್ಮಣ್ಣನದಲ್ಲ, ಸಂತೆಯಲ್ಲಿ ಪುಡಿ ಮಾರುವವನದು. ಅವನನ್ನು ಎಲ್ಲಿದ್ದರೂ ಎಳೆದು ತರುತ್ತೇನೆ ಎಂದುಕೊಂಡಳು.

“ಆ ಔಷಧದವನ ಗುರುತು ಯಾರಿಗೈತಿ? ಹೇಮಪ್ಪನೋರು ತಾವ ಹೋಗಿ ತರತಿದ್ರೇನು?”

“ಅವರೆಲ್ಲಿ ಹೋಗತಾರ? ತಿಮ್ಮಣ್ಣನ ತರತಿದ್ದ. ಇಬ್ಬರಿಗೂ ಸೇರಿಸಿ ತಂದು ಹಂಚಿಕೋತಿದ್ರು.”

“ಇಬ್ಬರಿಗೂ ಅಂದ್ರ?”

“ತಿಮ್ಮಣ್ಣಗೂ ನಡಾ ಬ್ಯಾನಿ ಅಲ್ರೀ. ಅವನೂ ದಿನಾ ಅದನ್ನ ತಿಂತಾನ. ಇವರಕಿಂತ ಮೊದಲಿಂದ, ಮೂರು ವರ್ಷ ಆತು.”

ಶೇಖರಮ್ಮ ಫೋನು ಹಿಡಿದ ಕೈಯನ್ನು ಹಾಗೆಯೇ ಇಳಿಸಿದಳು.

ದೂರು ಬಂದ ಮರುದಿನ ಅವಳು ತಿಮ್ಮಣ್ಣನ ಗುಡಿಸಲು ಶೋಧಿಸಿದ್ದಳು. ಗೂಡಿನಲ್ಲಿ ಕೀಟನಾಶಕದ ಬಾಟಲಿ ಇತ್ತು. ಅದರ ಪಕ್ಕದಲ್ಲಿ ಒಂದು ತಗಡ ಡಬ್ಬಿ, ಒಳಗೆ ಕಂದು ಬಣ್ಣದ ಪುಡಿ. ಎರಡನ್ನೂ ಅರಿವೆಯಲ್ಲಿ ಕಟ್ಟಿ, ಅರಗು ಹಾಕಿ ಠಾಣೆಯ ಅಲಮಾರಿಗೆ ಸೇರಿಸಿದ್ದಳು. ಅಲಮಾರಿಯ ಕೀಲಿ ಅವಳ ಸೊಂಟದಲ್ಲೇ ಇತ್ತು.

ಮರುದಿನ ಬೆಂಚಿನ ಮೇಲೆ ಕುಳಿತ ತಿಮ್ಮಣ್ಣ ಕೈಮುಗಿದಿದ್ದ. “ಅಕ್ಕಾರ, ಬಾಟ್ಲಿ ನೀವ ಇಟಗೋರಿ. ಆ ಡಬ್ಬ್ಯಾಗಿಂದು ಒಂದು ಚಿಟಿಕಿ ಕೊಡ್ರಿ. ಅದಿಲ್ಲಂದ್ರ ನನಗ ಕೈಕಾಲು ಬರಂಗಿಲ್ಲ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಅವಳು ಒಳಗೇ ನಕ್ಕಿದ್ದಳು. ಪುರಾವೆ ನಾಶ ಮಾಡಲು ಹೊರಟಿದ್ದಾನೆ ಎಂದು ಡೈರಿಯಲ್ಲಿ ಬರೆದೂ ಇದ್ದಳು. ಅವನ ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ತುಂಬಿಕೊಂಡಿತ್ತು. ತಪ್ಪು ಮಾಡಿಯೂ ಉಂಡುಟ್ಟು ಸುಖವಾಗಿದ್ದಾನೆ ಎಂದು ಆ ಮುಖ ನೋಡಿಯೇ ಅವಳಿಗೆ ಸಿಟ್ಟು ಬಂದಿತ್ತು.

ನಿನ್ನೆ ಠಾಣೆಯ ಬೇವಿನ ಮರದ ಬುಡದಲ್ಲಿ ಅವನು ಎರಡು ಸಲ ಓಕರಿಸಿದ್ದ. ಹೆಡ್ ಕಾನ್‌ಸ್ಟೆಬಲ್ ಅಲ್ಲಾಸಾಬ ಬಂದು, “ಮೇಡಂ, ಮನಷ್ಯಾಗ ಮೈಯಾಗ ಆರಾಮಿಲ್ಲ, ದವಾಖಾನಿಗೆ ಕಳಸೂಣೇನ್ರಿ?” ಎಂದಿದ್ದ.

“ನಾಟಕ ಮಾಡತಾನ, ಬಿಡ್ರಿ,” ಎಂದಿದ್ದಳು ಶೇಖರಮ್ಮ.

“ಡಾಕ್ಟರೇ,” ಎಂದಳು ಈಗ. “ದುಂಡನ ಮಾರಿ. ಮಾರಿ ದುಂಡಗ ಆಗೂದು ಆ ಪುಡೀದ ಗುರುತೇನು?”

“ಮನಷ್ಯಾರಿಗೆ ಅದ ಮೊದಲನೇ ಗುರುತು. ಯಾಕ?”

“ಆ ಡಬ್ಬಿ ನಾ ಕಸಗೊಂಡು ಐದು ದಿನ ಆತು.”

ಡಾಕ್ಟರ್ ಗೋವಿಂದರಾಜ ತಮ್ಮ ಚೀಲ ಎತ್ತಿಕೊಂಡು ಬಾಗಿಲ ಕಡೆಗೆ ಓಡಿದರು. “ಅದ ಹಾರ್ಮೋನಿನ ಇಂಜೆಕ್ಷನ್ ನನ್ನ ಚೀಲದಾಗ ಐತಿ. ದನಕ್ಕ ಹಾಕೋದು, ನನ್ನ ಕೈಲೆ ಮನಷ್ಯಾಗ ಹಾಕಾಕ ಕಾಯ್ದೆ ಒಪ್ಪಂಗಿಲ್ಲ. ಆಂಬುಲೆನ್ಸ್ ಕರೀರಿ. ಮಲಗಸ್ರಿ, ಕಾಲು ಎತ್ತರಕ್ಕ ಇಡ್ರಿ ಅಂತ ಹೇಳ್ರಿ. ಉಚ್ಚಿ ಹೊಯ್ದಾನೇನು ಕೇಳ್ರಿ. ಬ್ಯಾರೆ ಯಾವ ಔಷಧಾನೂ ಕೊಡಬಾರದು ಅನ್ರಿ, ಯಾವದೂ!”

ಅವಳು ಠಾಣೆಯ ನಂಬರು ಒತ್ತಿದಳು. ಮೂರನೇ ರಿಂಗಿಗೆ ಅಲ್ಲಾಸಾಬ ಎತ್ತಿದ.

“ಅಲ್ಲಾಸಾಬ್, ತಿಮ್ಮಣ್ಣ ಹೆಂಗದಾನ?”

“ಅದನ್ನ ಹೇಳಾಕ ನಾನ ಮಾಡಾವಿದ್ನಿ ಮೇಡಂ. ಮುಂಜಾನಿಂದ ತಲಿ ತಿರಗತೈತಿ ಅಂತಿದ್ದ. ಈಗ ಬೆಂಚಿನ ಮ್ಯಾಲಿಂದ ಬಿದ್ದಾನ್ರಿ. ಮಬ್ಬು ಹತ್ತೈತಿ.”

“ಉಚ್ಚಿ ಹೊಯ್ದಾನೇನು?”

“ನಿನ್ನೆ ಸಂಜಿಂದ ಹೊಯ್ದಿಲ್ಲಂತ ಅವನ ಅಂದಿದ್ದ್ರಿ. ಯಾಕ ಮೇಡಂ?”

ಶೇಖರಮ್ಮ ಹೊಸ್ತಿಲಿಗೆ ಬಂದಳು. ಹಿಂದೆ ಹಂಪವ್ವ ಎದ್ದು ನಿಂತಿದ್ದಳು. ಫೋನಿನ ದನಿ ಅವಳಿಗೂ ಕೇಳುತ್ತಿತ್ತು.

“ಗಾಬರಿ ಆಗಬ್ಯಾಡ್ರಿ ಮೇಡಂ,” ಎಂದ ಅಲ್ಲಾಸಾಬ. ದನಿಯಲ್ಲಿ ಒಳ್ಳೆಯ ಕೆಲಸ ಮಾಡಿದವನ ಸಮಾಧಾನವಿತ್ತು. “ತಲಿ ತಿರಗತೈತಿ ಅಂದ್ರ ಬಿ.ಪಿ.ನ ಇರಬೇಕು. ನಾನೂ ಅದ ಜಡ್ಡಿನವ ಅಲ್ರೀ, ಪಾಪ ಅನಿಸಿತು. ಹೇಮಪ್ಪನೋರು ತಗೊಳತಿದ್ರಲ್ಲ, ಅದ ಗುಳಿಗಿ ನನಗೂ ಬರದಾರ. ನನ್ನ ಪಟ್ಟ್ಯಾಗಿನ್ನ ಮುಂಜಾನಿಗೊಂದು ಕೊಟ್ನಿ. ಏಳಲಿಲ್ಲ ಅಂತ ಈಗ ಇನ್ನೊಂದು ಕೊಟ್ಟೀನ್ರಿ, ಬೆಲ್ಲದಾಗ ಇಟ್ಟು.”